ಕೀಲೆಣ್ಣೆಯ ಜಾಡು

ರಾತ್ರಿಯೆಲ್ಲ ನಿಂತಿದ್ದ ಕಾರನ್ನು ಬೆಳಗ್ಗೆ ಹೊರಗೆ ತೆಗೆದಾಗ, ಅದು ನಿಂತಿದ್ದ ಕಲ್ಲುಚಪ್ಪಡಿಯ ಮೇಲೆ ಅಂಗೈಯಗಲದ ಕಪ್ಪು ಕಲೆಯೊಂದು ಮಿರುಗುತ್ತಿರುವುದನ್ನು ಕಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಇದನ್ನು ನಿಲ್ಲಿಸುವುದು ಹೇಗೆ ಎಂಬುದು. ಅದಕ್ಕೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದುಂಟು: ಇದು ಹೊರಟುದು ಎಲ್ಲಿಂದ? ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಈ ಎರಡು ಪ್ರಶ್ನೆಗಳ ಅಂತರವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯ ಒಲೆಯ ಮೇಲೆ ತೊಟ್ಟಿಕ್ಕುವ ನೀರು ಒಲೆಯ ನೆತ್ತಿಯ ಹೆಂಚಿನಿಂದಲೇ ಇಳಿಯುವುದೆಂಬ ನಿಯಮವಿಲ್ಲ; ಮೇಲೆಲ್ಲೋ ಬಿರುಕುಬಿಟ್ಟ ಹೆಂಚೊಂದರಲ್ಲಿ ಒಳಹೊಕ್ಕು, ರೀಪನ್ನು ಹಿಡಿದು ಮಾರುದೂರ ಜಾರಿ, ಮುಂದೆ ದಾರಿ ಕಾಣದೆ ಅಲ್ಲಿ ಕೆಳಗೆ ಬೀಳುತ್ತದೆ. ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಮಾಡು ಹತ್ತಿದವನು ನೀರು ಬಿದ್ದ ಸ್ಥಳಕ್ಕಿಂತ ಮೇಲಕ್ಕೆ, ಇನ್ನೂ ಮೇಲಕ್ಕೆ ನೋಡುತ್ತಾನೆ. ಮೋಟಾರಿನ ಎಣ್ಣೆಯ ವಿಷಯದಲ್ಲಿಯೂ ನಡೆಯತಕ್ಕ ಕ್ರಮ ಇದೇ; ಆದರೆ ಇಲ್ಲಿ ಇಳಿಜಾರಿನೊಡನೆ ಗಾಳಿಯೂ ಸೇರಿರುತ್ತದೆ.

ಬಿದ್ದ ದ್ರವ ಎಂಜಿನ್ನಿನ ಎಣ್ಣೆಯೇ ಹೌದೋ ಎಂಬುದನ್ನು ಮೊದಲು ತಿಳಿಯಬೇಕು. ಬಿಳಿಯ ಕಾಗದವೊಂದನ್ನು ರಾತ್ರಿ ಕಾರಿನಡಿ ಹಾಸಿಟ್ಟರೆ ಅರ್ಧ ಉತ್ತರ ದೊರೆಯುವುದು. ಏರ್ ಕಂಡಿಷನರಿನಿಂದ ಇಳಿಯುವುದು ಶುದ್ಧ ನೀರು, ಅದಕ್ಕೆ ಹೆದರಬೇಕಾದುದಿಲ್ಲ. ರೇಡಿಯೇಟರಿನದು ಹಸಿರೋ ಕೆಂಪೋ ಆದ ಬಣ್ಣದ ನೀರು. ಗೇರ್ ಬಾಕ್ಸಿನ ಎಣ್ಣೆಗೆ ಗಂಧಕದ ಕಟುವಾಸನೆ. ಚಕ್ರದ ಬಳಿ ತೆಳುವಾದ, ಜಾರುವ ದ್ರವವೇನಾದರೂ ಕಂಡರೆ ಅದು ಬ್ರೇಕಿನ ಎಣ್ಣೆಯಾಗಿರಬಹುದು, ಆಗ ಕಾರನ್ನು ಕದಲಿಸದೆ ಮೆಕ್ಯಾನಿಕ್ಕನ್ನು ಕರೆಯಿಸುವುದು ಕ್ಷೇಮ. ಜೇನಿನ ಬಣ್ಣದಿಂದ ಕಾಡಿಗೆಯ ಬಣ್ಣದವರೆಗಿನ ಜಿಡ್ಡು ಮಾತ್ರ ನಮ್ಮ ಪ್ರಕೃತ ವಿಷಯ.

ಈ ಎಣ್ಣೆ ಹೊರಬರಲು ಇಷ್ಟು ತವಕಿಸುವುದೇಕೆ? ಎತ್ತಿನ ಗಾಡಿಯವರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಬಿದಿರ ಗೊಟ್ಟದಲ್ಲಿ ತೂಗಹಾಕಿಕೊಂಡು ಅಚ್ಚಿಗೆ ಸವರುತ್ತಿದ್ದ ಕೀಲೆಣ್ಣೆ ಎಲ್ಲಿ ಹಚ್ಚಿದರೆ ಅಲ್ಲಿಯೇ ನಿಲ್ಲುತ್ತಿತ್ತು; ವೇಗವಾಗಿ ಸುತ್ತುವ ಯಂತ್ರದ ಕೀಲಿನಲ್ಲಿ ಎಣ್ಣೆಯ ಸ್ವಭಾವ ಬೇರೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟುದು ಒಂದು ಸೋರಿಕೆಯೇ ಎಂಬುದನ್ನು ನೆನೆದಾಗಲೆಲ್ಲ ನನಗೆ ಬಹಳ ಸಂತೋಷವಾಗುತ್ತದೆ. 1883ರಲ್ಲಿ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರು ರೈಲ್ವೆ ಗಾಡಿಯ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದರು. ಅಚ್ಚಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಅದ್ದಿ ತಿರುಗುತ್ತಿತ್ತು. ಮೇಲೆ ಭಾರಹೊತ್ತ ಹಿತ್ತಾಳೆಯ ಬೇರಿಂಗು. ಮೇಲಿನಿಂದ ಎಣ್ಣೆ ಹಾಕುವುದಕ್ಕೆಂದು ಆ ಬೇರಿಂಗಿನ ನೆತ್ತಿಯಲ್ಲಿ ರಂಧ್ರವೊಂದನ್ನು ಕೊರೆದು ಯಂತ್ರವನ್ನು ನಡೆಸಿದಾಗ, ಎಣ್ಣೆ ಒಳಕ್ಕೆ ಇಳಿಯುವುದಕ್ಕೆ ಬದಲಾಗಿ ರಂಧ್ರದಿಂದ ಮೇಲಕ್ಕೆ ಉಕ್ಕಿ ಹರಿಯಿತು. ಬೆಣೆಯನ್ನು ಬಡಿದು ರಂಧ್ರವನ್ನು ಮುಚ್ಚಿದರು. ಬೆಣೆ ಹೊರಕ್ಕೆ ನೂಕಲ್ಪಟ್ಟಿತು. ಕಡೆಗೆ ಅಲ್ಲಿಗೆ ಒತ್ತಡಮಾಪಕವನ್ನು ಜೋಡಿಸಿ ನೋಡಲಾಗಿ, ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡು ಮಾತ್ರವಾಗಿದ್ದರೂ ಎಣ್ಣೆಯ ಒತ್ತಡ 200 ಪೌಂಡನ್ನು ಮೀರಿತ್ತು. ತಿರುಗುವ ಅಚ್ಚು ತನ್ನ ಮೈಗೆ ಅಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ತಾನೇ ಎಳೆದೊಯ್ದು, ಅಲ್ಲಿ ಹುಟ್ಟಿದ ಒತ್ತಡದ ಮೇಲೆಯೇ ಬೇರಿಂಗನ್ನು ತೇಲಿಸುತ್ತಿತ್ತು. ಮೂರು ವರ್ಷಗಳ ತರುವಾಯ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಇದನ್ನು ಗಣಿತದ ಸಮೀಕರಣದಲ್ಲಿ ನಿರೂಪಿಸಿದರು. ಇಂದು ನಮ್ಮ ಕಾರುಗಳ ಕ್ರ್ಯಾಂಕ್ ಶಾಫ್ಟು ಲೋಹವನ್ನು ಲೋಹ ಮುಟ್ಟದಂತೆ ತಿರುಗುವುದು ಆ ತತ್ತ್ವದಿಂದಲೇ.

ಎಂಜಿನ್ನಿನಲ್ಲಿ ಪಂಪು ಎಣ್ಣೆಯನ್ನು ಚದರ ಸೆಂಟಿಮೀಟರಿಗೆ ಎರಡು ಮೂರು ಕಿಲೋಗ್ರಾಂ ಒತ್ತಡದಲ್ಲಿ ಬೇರಿಂಗುಗಳಿಗೆ ನೂಕುತ್ತದೆ. ಅಲ್ಲಿಂದ ಚಿಮ್ಮಿದ ಎಣ್ಣೆ ಒಳಗೋಡೆಗಳನ್ನೆಲ್ಲ ತೋಯಿಸುತ್ತ ಕೆಳಗಿನ ಸಂಪು ಎಂಬ ತೊಟ್ಟಿಗೆ ಮರಳಿ ಇಳಿಯುತ್ತದೆ. ಕುದಿಯುವ ನೀರಿನಷ್ಟು ಬಿಸಿಯಾಗಿ, ತೆಳ್ಳಗಾಗಿರುವ ಈ ದ್ರವಕ್ಕೆ ಯಾವ ಜೋಡಣೆಯ ಸಂದಿಯೂ ಕಿರಿದಲ್ಲ. ಕಣ್ಣಿಗೆ ಕನ್ನಡಿಯಂತೆ ತೋರುವ ಲೋಹದ ಮುಖವೂ ಸೂಕ್ಷ್ಮದರ್ಶಕದಲ್ಲಿ ಬೆಟ್ಟ ಕಣಿವೆಗಳ ಸಾಲಾಗಿರುವುದರಿಂದ, ಎರಡು ಮುಖಗಳ ನಡುವೆ ಮೆತುವಾದ ಹಾಳೆಯೊಂದನ್ನು ಇಟ್ಟು ಬಿಗಿಯುವುದು ಪದ್ಧತಿ. ಗ್ಯಾಸ್ಕೆಟ್ ಎಂದು ಪುಸ್ತಕಗಳಲ್ಲಿಯೂ ಪ್ಯಾಕಿಂಗ್ ಎಂದು ನಮ್ಮ ಗ್ಯಾರೇಜುಗಳಲ್ಲಿಯೂ ಕರೆಯುವುದು ಇದನ್ನೇ. ಕಾರ್ಕು, ಕಾಗದ, ರಬ್ಬರು, ಯಾವುದಾದರೂ ಸರಿಯೇ, ಅದರ ಗುಣವಿರುವುದು ಒತ್ತಿದಾಗ ಹಿಂದಕ್ಕೆ ಒತ್ತುವ ಶಕ್ತಿಯಲ್ಲಿ. ವರ್ಷಗಟ್ಟಲೆ ಶಾಖದಲ್ಲಿ ಬೆಂದು ಆ ಚೈತನ್ಯ ಉಡುಗಿಹೋದ ಪ್ಯಾಕಿಂಗು ಇದ್ದೂ ಇಲ್ಲದಂತೆ.

ಕದಲದ ಜೋಡಣೆಗಳ ಮಾತು ಇದಾಯಿತು. ತಿರುಗುವ ಶಾಫ್ಟು ಹೊರಕ್ಕೆ ಇಣುಕುವ ಸ್ಥಳದಲ್ಲಿ ಎಣ್ಣೆಯನ್ನು ತಡೆಯುವುದು ನಿಜವಾಗಿಯೂ ಆಶ್ಚರ್ಯಕರವಾದ ಕೆಲಸ. ಎಂಟು ಸೆಂಟಿಮೀಟರ್ ದಪ್ಪದ ಶಾಫ್ಟು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ಮೈ ಸೆಕೆಂಡಿಗೆ ಹನ್ನೆರಡು ಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಅದನ್ನು ಅಪ್ಪಿಕೊಂಡಿರುವುದು ಉಕ್ಕಿನ ಬಳೆಗೆ ಕೂಡಿಸಿದ ರಬ್ಬರಿನ ತೆಳುವಾದ ತುಟಿ, ಅದರ ಬೆನ್ನಿಗೆ ತೊಡಿಸಿದ ಸಣ್ಣ ಸುರುಳಿ ಸ್ಪ್ರಿಂಗು, ಇಷ್ಟೇ. ಇದನ್ನು ಆಯಿಲ್ ಸೀಲ್ ಎನ್ನುತ್ತಾರೆ. ತುಟಿ ಶಾಫ್ಟನ್ನು ಒಣದಾಗಿ ಉಜ್ಜುತ್ತ ಎಣ್ಣೆಯನ್ನು ತಡೆಯುವುದೆಂದು ಊಹಿಸುವುದು ಸಹಜವಾದರೂ, ಹಾಗೆ ಉಜ್ಜಿದ್ದರೆ ರಬ್ಬರು ಬಹುಬೇಗನೆ ಸುಟ್ಟುಹೋಗುತ್ತಿತ್ತು. ತುಟಿಗೂ ಶಾಫ್ಟಿಗೂ ನಡುವೆ ಎಣ್ಣೆಯದೇ ಒಂದು ಪೊರೆ ಇರುವುದೆಂದು 1957ರಲ್ಲಿ ಇಂಗ್ಲೆಂಡಿನ ಜ್ಯಾಗರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಿಂದ ತಿಳಿದುಬಂದಿತು. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸು. ಹಾಗಾದರೆ ಆ ಪೊರೆ ಹೊರಕ್ಕೆ ಹರಿಯದಿರಲು ಕಾರಣವೇನು? ತುಟಿಯ ಅಂಚಿನಲ್ಲಿರುವ ಅತಿಸೂಕ್ಷ್ಮ ಉಬ್ಬುಗಳು ಶಾಫ್ಟಿನ ಎಳೆತಕ್ಕೆ ಓರೆಯಾಗಿ ವಾಲಿ, ಹೊರಗೆ ಜಾರಹೊರಟ ಎಣ್ಣೆಯನ್ನು ಒಳಕ್ಕೇ ತಿರುಗಿ ನೂಕುತ್ತವೆ. ಸುಸ್ಥಿತಿಯಲ್ಲಿರುವ ಸೀಲು, ಎಣ್ಣೆಯನ್ನು ಬಿಡುವಿಲ್ಲದೆ ಒಳಗೆಳೆದುಕೊಳ್ಳುವ ಒಂದು ಪುಟ್ಟ ಪಂಪು. ಶಾಖದಿಂದ ರಬ್ಬರು ಗಡುಸಾದ ಕೂಡಲೆ ಉಬ್ಬುಗಳು ವಾಲುವುದಿಲ್ಲ, ತುಟಿ ಶಾಫ್ಟಿನ ಅಲ್ಪಸ್ವಲ್ಪ ಓಲಾಟವನ್ನು ಅನುಸರಿಸುವುದಿಲ್ಲ. ಕೀಲೆಣ್ಣೆ ತನ್ನ ದಾರಿ ಹಿಡಿಯುತ್ತದೆ.

ರಬ್ಬರಿನ ವಿಷಯದಲ್ಲಿ ಇನ್ನೊಂದು ಮಾತು. ಮರದ ಹಾಲಿನಿಂದ ಆದ ಸಹಜ ರಬ್ಬರು ಖನಿಜತೈಲವನ್ನು ಹೀರಿ ಊದಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ, ಏತಕ್ಕೆಂದರೆ ಎರಡೂ ಒಂದೇ ಜಾತಿಯ ಹೈಡ್ರೋಕಾರ್ಬನ್ನುಗಳು. 1930ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿಗಳು ನಿರ್ಮಿಸಿದ ನೈಟ್ರೈಲ್ ರಬ್ಬರಿನ ಅಣುಗಳಲ್ಲಿ ವಿದ್ಯುದ್ಧ್ರುವತೆಯುಳ್ಳ ಗುಂಪುಗಳಿರುವುದರಿಂದ ಎಣ್ಣೆಗೆ ಅದರಲ್ಲಿ ಬೆರೆಯುವ ಆಸಕ್ತಿ ಕಡಿಮೆ. ಸೋರಿಕೆ ನಿಲ್ಲಿಸುವುದಾಗಿ ಡಬ್ಬಿಗಳಲ್ಲಿ ಮಾರುವ ಮಿಶ್ರಣಗಳಲ್ಲಿ ಅನೇಕವು ಮಾಡುವುದೇನೆಂದರೆ, ಗಡುಸಾದ ಸೀಲನ್ನು ಬಲವಂತವಾಗಿ ಊದಿಸಿ ಮೆದುವಾಗಿಸುವುದು. ಕೆಲವು ತಿಂಗಳ ಉಪಶಮನ ಅದರಿಂದ ದೊರೆತೀತು. ಹರಿದ ತುಟಿಗೂ ಸಡಿಲವಾದ ಬೋಲ್ಟಿಗೂ ಅದರಿಂದ ಪ್ರಯೋಜನವಿಲ್ಲ.

ನನ್ನ ಹಳೆಯ ಅಂಬಾಸಡರಿನ ಕಥೆಯನ್ನು ಇಲ್ಲಿ ಹೇಳಬೇಕು. ಕ್ಲಚ್ಚಿನ ಗೂಡಿನ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ತೋರಿಸಿದ ವರ್ಕ್‌ಷಾಪಿನವರು ಕೆಳಗೆ ಬಗ್ಗಿ ನೋಡಿದವರೇ, ಹಿಂದಿನ ಆಯಿಲ್ ಸೀಲ್ ಹೋಗಿದೆ, ಎಂಜಿನ್ನು ಇಳಿಸಬೇಕು ಎಂದರು. ಆ 1489 ಸಿ.ಸಿ. ಎಂಜಿನ್ನು ಮೂಲತಃ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ವಿನ್ಯಾಸ, ಅದರ ಹಿಂಬದಿಯಲ್ಲಿ ರಬ್ಬರಿನ ಸೀಲೇ ಇಲ್ಲ. ಶಾಫ್ಟಿನ ಮೈಮೇಲೆ ಕೊರೆದ ವಿಲೋಮ ಸುರುಳಿಯ ಮರೆ, ಬಂದ ಎಣ್ಣೆಯನ್ನು ತಿರುಗುತ್ತ ತಿರುಗುತ್ತ ಒಳಕ್ಕೆ ಹಿಂದಿರುಗಿಸುತ್ತದೆ. ಇದು ನನಗೆ ತಿಳಿದಿದ್ದುದರಿಂದ ಮನಸ್ಸು ಒಪ್ಪದೆ, ಪೇಟೆಯ ಹಿಂದಣ ಬೀದಿಯಲ್ಲಿ ಹುಣಸೆಮರದ ನೆರಳಿನಲ್ಲಿ ಕೆಲಸಮಾಡುತ್ತಿದ್ದ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಕಾರನ್ನು ಒಯ್ದೆ. ಅವರು ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. "ಮೊದಲು ತೊಳೆಯೋಣ ಸ್ವಾಮಿ. ಇಷ್ಟು ಕೊಳೆಯಲ್ಲಿ ಯಾರಿಗೆ ಏನು ಕಾಣುತ್ತೆ?" ಎಂದರು.

ಸೀಮೆಎಣ್ಣೆ, ಬ್ರಷ್ಷು, ಹಳೆಯ ಬಟ್ಟೆ, ಇವುಗಳಿಂದ ಒಂದು ಗಂಟೆಯ ಕಾಲ ತಣ್ಣಗಿದ್ದ ಎಂಜಿನ್ನನ್ನು ತೊಳೆದರು. ಒರೆಸಿ ಪೂರ್ತಿ ಆರಿದ ಮೇಲೆ ಮಕ್ಕಳಿಗೆ ಹಚ್ಚುವ ಟಾಲ್ಕಂ ಪೌಡರನ್ನು ಅಂಗೈಯಲ್ಲಿಟ್ಟುಕೊಂಡು ಎಂಜಿನ್ನಿನ ಮೈಮೇಲೆಲ್ಲ ಊದಿದರು. ಹತ್ತು ಮೈಲಿ ಓಡಿಸಿ ಮರಳಿ ಬಂದು, ಕೈದೀಪ ಹಿಡಿದು ನೋಡುವಾಗ ಆ ಬಿಳುಪಿನ ಮೇಲೆ ಎಣ್ಣೆಯ ಹಾದಿ ಕೆಮ್ಮಣ್ಣಿನ ಮೇಲೆ ಹರಿದ ಮಳೆನೀರಿನ ಗೆರೆಯಂತೆ ಸ್ಪಷ್ಟವಾಗಿ ಮೂಡಿತ್ತು. ಒದ್ದೆಯಾದ ಸ್ಥಳಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ಅವರು ಹುಡುಕುತ್ತ ಹೋದರು. ಏಕೆಂದರೆ ಎಣ್ಣೆ ಭಾರದಿಂದ ಕೆಳಕ್ಕೂ, ಓಡುವ ಕಾರಿನ ಗಾಳಿಯಿಂದ ಹಿಂದಕ್ಕೂ ಸರಿಯುವುದಲ್ಲದೆ ಎಂದೂ ಮೇಲಕ್ಕೆ ಹತ್ತದು. ಗೆರೆ ಹೋಗಿ ನಿಂತುದು ಮ್ಯಾನಿಫೋಲ್ಡುಗಳ ಮರೆಯಲ್ಲಿ, ಸಿಲಿಂಡರ್ ಬ್ಲಾಕಿನ ಪಕ್ಕದಲ್ಲಿರುವ ತಗಡಿನ ಮುಚ್ಚಳದ ಹಿಂದಿನ ಮೂಲೆಯಲ್ಲಿ. ಅಲ್ಲಿಂದ ಜಿನುಗಿದ ಎಣ್ಣೆ ಬ್ಲಾಕಿನ ಬೆನ್ನಿಗೆ ಹರಿದು, ಕ್ಲಚ್ಚಿನ ಗೂಡಿನವರೆಗೂ ಇಳಿದು, ನೋಡಿದವರಿಗೆಲ್ಲ ಹಿಂದಿನ ಸೀಲಿನ ಭ್ರಾಂತಿಯನ್ನು ಹುಟ್ಟಿಸಿತ್ತು.

ಇಂದಿನ ಗ್ಯಾರೇಜುಗಳಲ್ಲಿ ಪೌಡರಿಗೆ ಬದಲಾಗಿ ಎಣ್ಣೆಗೇ ಒಂದು ವರ್ಣದ್ರವ್ಯವನ್ನು ಬೆರೆಸಿ, ಕಾರನ್ನು ಸ್ವಲ್ಪ ಹೊತ್ತು ಓಡಿಸಿ, ಅತಿನೇರಳೆ ದೀಪವನ್ನು ಹಾಯಿಸುತ್ತಾರೆ. ಕಣ್ಣಿಗೆ ಕಾಣದ ಬೆಳಕನ್ನು ಹೀರಿ ಕಾಣುವ ಬೆಳಕನ್ನು ಹೊರಸೂಸುವ ಆ ಗುಣಕ್ಕೆ ಜಾರ್ಜ್ ಸ್ಟೋಕ್ಸ್ 1852ರಲ್ಲಿ ನಾವು ಪ್ರತಿದೀಪ್ತಿ ಎಂದು ಕನ್ನಡಿಸಿಕೊಂಡಿರುವ ಹೆಸರನ್ನು ಕೊಟ್ಟರು. ಸೋರುವ ಬಿರುಕು ಕತ್ತಲೆಯಲ್ಲಿ ಹಳದಿ ಹಸಿರಾಗಿ ಬೆಳಗುತ್ತದೆ. ಉಪಕರಣ ನಾಜೂಕಾದುದು, ತೊಳೆಯುವ ಶ್ರಮವನ್ನು ಮಾತ್ರ ಅದೂ ತಪ್ಪಿಸಲಾರದು.

ಸ್ಥಳ ತಿಳಿದ ಮೇಲೆ ಮೇಸ್ತ್ರಿಯವರು ಇನ್ನೊಂದು ಪರೀಕ್ಷೆ ಮಾಡಿದರು. ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದು, ಬಾಯಿಯ ಮೇಲೆ ಒಂದು ಕಾಗದದ ಚೂರನ್ನಿಟ್ಟರು. ಸಿಲಿಂಡರಿನಲ್ಲಿ ಉರಿದ ಅನಿಲ ಸ್ವಲ್ಪಮಟ್ಟಿಗೆ ಪಿಸ್ಟನ್ನಿನ ರಿಂಗುಗಳನ್ನು ದಾಟಿ ಕೆಳಕ್ಕೆ ನುಸುಳುವುದು ಎಲ್ಲ ಎಂಜಿನ್ನುಗಳಲ್ಲಿಯೂ ಉಂಟು. ಅದು ಹೊರಹೋಗುವುದಕ್ಕೆಂದು ಬ್ರೀದರ್ ಕೊಳವೆಯಿರುತ್ತದೆ. ಆ ಕೊಳವೆ ಮಸಿಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಚೆನ್ನಾಗಿರುವ ಸೀಲುಗಳಿಂದಲೂ ಎಣ್ಣೆಯನ್ನು ನೂಕುತ್ತದೆ. ಒಂದನ್ನು ಬದಲಿಸಿದರೆ ಇನ್ನೊಂದು ಸೋರುವ, ಜನರನ್ನು ಹತಾಶರನ್ನಾಗಿ ಮಾಡುವ ವ್ಯಾಧಿಯ ಮೂಲ ಎಷ್ಟೋ ವೇಳೆ ಇದೇ. ಬಾಯಿಯ ಮೇಲಿನ ಕಾಗದ ಮೆಲ್ಲಗೆ ಅಂಟಿಕೊಳ್ಳಬೇಕು. ನಮ್ಮದು ಪಟಪಟನೆ ಹಾರಾಡಿತು. ಬ್ರೀದರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ನೆನೆಸಿದಾಗ ಇಳಿದ ಕಪ್ಪು ಮಡ್ಡಿ ಒಂದು ಬೊಗಸೆಯಷ್ಟಿತ್ತು.

ಪಕ್ಕದ ಮುಚ್ಚಳವನ್ನು ಹಿಡಿದಿದ್ದುದು ಮಧ್ಯದ ಒಂದೇ ಬೋಲ್ಟು. ಸೋರಿದಾಗಲೆಲ್ಲ ಯಾರೋ ಅದನ್ನು ಬಿಗಿಯುತ್ತ ಬಂದುದರಿಂದ ತಗಡು ನಡುವೆ ತಗ್ಗಿ, ಅಂಚುಗಳು ಎದ್ದು, ಬಿಗಿದಷ್ಟೂ ಹೆಚ್ಚು ಸೋರುವಂತಾಗಿತ್ತು. ಮೇಸ್ತ್ರಿಯವರು ಅದನ್ನು ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ, ಅಂಚು ಬೆಳಕನ್ನು ಎಲ್ಲಿಯೂ ಬಿಡದಂತೆ ನೇರಗೊಳಿಸಿದರು. ಹಳೆಯ ಕಾರ್ಕಿನ ಚೂರುಗಳನ್ನು ಉಗುರಿನಿಂದ ಕೆರೆದು ತೆಗೆದರು. ಉಳಿದ ಒಂದು ಚೂರು ಸಾಕು, ಹೊಸ ಪ್ಯಾಕಿಂಗನ್ನು ವ್ಯರ್ಥಗೊಳಿಸಲು. ಹೊಸ ಕಾರ್ಕನ್ನು ಮುಚ್ಚಳದ ಕಡೆಗೆ ಮಾತ್ರ ತೆಳುವಾದ ಅಂಟಿನಿಂದ ಕೂಡಿಸಿ, ಬೋಲ್ಟನ್ನು ಹಗುರವಾಗಿ ಬಿಗಿದು ನಿಲ್ಲಿಸಿದರು. ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಮೆತ್ತುವ ಅಭ್ಯಾಸ ಈಗ ಹಬ್ಬಿದೆ; ಒಳಕ್ಕೆ ಉಕ್ಕಿದ ಪೇಸ್ಟು ಗಟ್ಟಿಯಾಗಿ ಕಳಚಿ, ಸಂಪಿನೊಳಗಿನ ಜರಡಿಯನ್ನು ಮುಚ್ಚಿ ಎಂಜಿನ್ನಿಗೇ ಎಣ್ಣೆ ದೊರೆಯದಂತೆ ಮಾಡಬಲ್ಲದು. ಹಾಗೆಯೇ ಆಯಿಲ್ ಫಿಲ್ಟರನ್ನು ಬದಲಿಸುವಾಗ ಹಳೆಯದರ ರಬ್ಬರ್ ಉಂಗುರ ಎಂಜಿನ್ನಿಗೆ ಅಂಟಿಕೊಂಡು ಉಳಿದಿಲ್ಲವೆಂಬುದನ್ನು ಬೆರಳಾಡಿಸಿ ನೋಡಲೇಬೇಕು. ಎರಡು ಉಂಗುರ ಸೇರಿದರೆ ಕೆಲವು ನಿಮಿಷಗಳಲ್ಲಿ ಎಣ್ಣೆಯೆಲ್ಲ ರಸ್ತೆಯ ಪಾಲಾದೀತು.

ಎಷ್ಟು ಸೋರಿದರೆ ಚಿಂತಿಸಬೇಕು? ಎಣ್ಣೆಯ ಕಲೆ ತನ್ನ ಗಾತ್ರವನ್ನು ಹೆಚ್ಚಾಗಿ ತೋರಿಸಿಕೊಳ್ಳುತ್ತದೆ. ಲಂಡನ್ನಿನ ಕ್ಲ್ಯಾಪಂ ಕೊಳದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೊಯ್ದ, ಒಂದು ಚಮಚಕ್ಕಿಂತ ಹೆಚ್ಚಿಲ್ಲದ ಎಣ್ಣೆ ಸುಮಾರು ಅರ್ಧ ಎಕರೆ ನೀರನ್ನು ಆವರಿಸಿತೆಂದು ಅವರು 1774ರಲ್ಲಿ ವರದಿ ಮಾಡಿದರು. ಮಳೆಯಲ್ಲಿ ರಸ್ತೆಯ ಮೇಲೆ ಕಾಮನಬಿಲ್ಲು ಮೂಡಿಸಲು ಒಂದೆರಡು ಹನಿ ಸಾಕು. ಆದರೆ ಓಡುವಾಗ ಹತ್ತು ಸೆಕೆಂಡಿಗೊಂದು ಹನಿ ಬೀಳುತ್ತಿದ್ದರೆ ಗಂಟೆಗೆ 360 ಹನಿ. ಮಿಲಿಲೀಟರಿಗೆ ಇಪ್ಪತ್ತೈದರಂತೆ ಲೆಕ್ಕಹಾಕಿದರೆ ಎಪ್ಪತ್ತು ಗಂಟೆಗಳ ಓಡಾಟದಲ್ಲಿ ಒಂದು ಲೀಟರು, ಎಂದರೆ ಅನೇಕ ಕಾರುಗಳಲ್ಲಿ ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಎರಡು ಗೆರೆಗಳ ನಡುವಿನಷ್ಟು. ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬೀಳುವ ಎಣ್ಣೆಗಾದರೋ ಈ ಲೆಕ್ಕ ಅನ್ವಯಿಸದು. ಸುಟ್ಟ ವಾಸನೆ ಬಂದ ದಿನವೇ ಅದನ್ನು ಸರಿಪಡಿಸಬೇಕು, ಬೆಂಕಿ ಹತ್ತುವ ಭಯವಿದೆ.

ಮೇಸ್ತ್ರಿಯವರು ಮುಚ್ಚಳವನ್ನು ಕೂಡಿಸಿದ ಮರುದಿನ ಬೆಳಗ್ಗೆ ಕಾರಿನಡಿ ಹಾಸಿದ್ದ ವೃತ್ತಪತ್ರಿಕೆಯನ್ನು ಎಳೆದು ನೋಡಿದೆ. ಹಿಂಬದಿಯ ಸುರುಳಿಮರೆಯಿಂದ ಬಿದ್ದ, ನಾಲ್ಕಾಣೆಯ ನಾಣ್ಯದಷ್ಟು ಅಗಲದ ಒಂದು ಕಲೆ ಮಾತ್ರ ಅದರಲ್ಲಿತ್ತು. ಎಂಜಿನ್ನು ನಿಂತಾಗ ಆ ಮರೆಯ ಕೆಲಸವೂ ನಿಲ್ಲುವುದರಿಂದ ಅಷ್ಟು ಬರುವುದು ಅದರ ವಿನ್ಯಾಸದಲ್ಲಿಯೇ ಇದೆ. ಮೇಸ್ತ್ರಿಯವರಿಗೆ ತೋರಿಸಿದಾಗ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಇರಲಿ ಬಿಡಿ ಸ್ವಾಮಿ, ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡ್ತಾ ಇರಿ" ಎಂದರು.