ಬಸಿರು ಕಾಯುವ ಹಳದಿ ಗಂಟು

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ಏಳು ವಾರದ ಬಸುರಿ ಮಗಳನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಸ್ಕ್ಯಾನಿಂಗ್ ವರದಿ ಇತ್ತು. ಮಗುವಿನ ಎದೆಬಡಿತ ಚೆನ್ನಾಗಿದೆ ಎಂದು ಅದರಲ್ಲಿ ಬರೆದಿತ್ತು. ಆದರೆ ಅವರನ್ನು ಹೆದರಿಸಿದ್ದು ಅದರ ಕೆಳಗಿನ ಸಾಲು: ‘ಬಲ ಅಂಡಾಶಯದಲ್ಲಿ 3.5 ಸೆಂ.ಮೀ. ಸಿಸ್ಟ್.’

“ಡಾಕ್ಟ್ರೇ, ಗಡ್ಡೆ ಇದೆಯಂತೆ. ಮೊದಲು ಆಪರೇಷನ್ ಮಾಡಿಸಿ ತೆಗೆಸಿಬಿಡೋಣ. ಗಡ್ಡೆ ಇಟ್ಕೊಂಡು ಮಗು ಬೆಳೆಯೋದು ಹೇಗೆ?”

“ಅಮ್ಮಾ, ಮನೇಲಿ ಹಸು ಕಟ್ಟಿದ್ದೀರಾ?” ಎಂದು ಕೇಳಿದೆ.

“ಎರಡಿವೆ.”

“ಬೆದೆಗೆ ಬಾರದ ಹಸುವಿಗೆ ಪಶುವೈದ್ಯರು ಕೈ ಹಾಕಿ ನೋಡಿ ಒಂದು ಇಂಜೆಕ್ಷನ್ ಕೊಡ್ತಾರಲ್ಲ, ನೋಡಿದ್ದೀರಾ?”

“ನೋಡಿದ್ದೀನಿ. ಮೂರು ನಾಲ್ಕು ದಿನಕ್ಕೆ ಬೆದೆಗೆ ಬರುತ್ತೆ. ಗಬ್ಬ ಇರೋ ಹಸುಗೆ ಮಾತ್ರ ಕೊಡಬಾರ್ದು, ಕಂದು ಹಾಕಿಬಿಡುತ್ತೆ ಅಂತಾರೆ.”

ಆ ತಾಯಿ ತಮಗೆ ಗೊತ್ತಿಲ್ಲದೆಯೇ ತಮ್ಮ ಪ್ರಶ್ನೆಗೆ ಉತ್ತರ ಹೇಳಿದ್ದರು. ಆ ಇಂಜೆಕ್ಷನ್ ಕರಗಿಸುವುದು ಯಾವುದನ್ನೋ, ಮಗಳ ಸ್ಕ್ಯಾನಿಂಗ್‌ನಲ್ಲಿ ‘ಸಿಸ್ಟ್’ ಎಂದು ಕಂಡದ್ದೂ ಬಹುಮಟ್ಟಿಗೆ ಅದೇ. ಅದರ ಹೆಸರು ಕಾರ್ಪಸ್ ಲೂಟಿಯಮ್. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ‘ಹಳದಿ ಪಿಂಡ’. ಕನ್ನಡದಲ್ಲಿ ಪೀತಪಿಂಡ ಎನ್ನುತ್ತಾರೆ.

ಹಸುವಿನಲ್ಲಿ ಹಳದಿ, ಎಮ್ಮೆಯಲ್ಲಿ ಬೂದು

ಅಂಡಾಶಯದಲ್ಲಿ ಅಂಡಾಣು ಬೆಳೆಯುವುದು ಒಂದು ಪುಟ್ಟ ನೀರುಗುಳ್ಳೆಯೊಳಗೆ. ಅದನ್ನು ಕೋಶಿಕೆ ಎನ್ನುತ್ತೇವೆ. ಕೋಶಿಕೆ ಒಡೆದು ಅಂಡಾಣು ಹೊರಬಿದ್ದ ಮೇಲೆ ಖಾಲಿಯಾದ ಗೂಡು ವ್ಯರ್ಥವಾಗುವುದಿಲ್ಲ. ಕೆಲವೇ ದಿನಗಳಲ್ಲಿ ಅದು ಗಟ್ಟಿಯಾದ ಗಂಟಾಗಿ, ಪ್ರೊಜೆಸ್ಟಿರಾನ್ ಎಂಬ ಹಾರ್ಮೋನನ್ನು ತಯಾರಿಸತೊಡಗುತ್ತದೆ. ಅದೇ ಪೀತಪಿಂಡ.

ಹಸುವಿನ ಪೀತಪಿಂಡ ಹೊಂಬಣ್ಣವಾಗಿರುತ್ತದೆ. ಹಸುರು ಮೇವಿನಲ್ಲಿರುವ ಕ್ಯಾರೋಟಿನ್ ಎಂಬ ವರ್ಣದ್ರವ್ಯ ಅದರಲ್ಲಿ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಎಮ್ಮೆ ಈ ಕ್ಯಾರೋಟಿನ್ನನ್ನು ಬಹುಪಾಲು ‘ಎ’ ವಿಟಮಿನ್ ಆಗಿ ಬದಲಾಯಿಸಿಕೊಳ್ಳುತ್ತದೆ. ಹೀಗಾಗಿ ಅದರ ಪೀತಪಿಂಡ ಹೆಸರಿಗಷ್ಟೇ ‘ಪೀತ’, ಬಣ್ಣ ಬೂದು. ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ ಆಗಿರುವುದೂ ಇದೇ ಕಾರಣದಿಂದ.

ಸೂಕ್ಷ್ಮದರ್ಶಕದಲ್ಲಿ ಕಾಣುವುದೇನು?

ಹಸುವಿನ ಪೀತಪಿಂಡದ ತೆಳುವಾದ ಪದರವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಹಾರ್ಮೋನು ತಯಾರಿಸುವ ಎರಡು ಬಗೆಯ ಜೀವಕೋಶಗಳು ಕಾಣುತ್ತವೆ. ಒಂದು ದೊಡ್ಡದು, 20 ಮೈಕ್ರಾನ್‌ಗಿಂತ ಹೆಚ್ಚು ಅಗಲ. ಅಂಥ ಐವತ್ತನ್ನು ಸಾಲಾಗಿ ಜೋಡಿಸಿದರೂ ಒಂದು ಮಿಲಿಮೀಟರ್ ತುಂಬುತ್ತದಷ್ಟೆ. ಇನ್ನೊಂದು ಇದಕ್ಕಿಂತ ಚಿಕ್ಕದು. ಕೋಶಿಕೆಯ ಒಳಪದರದ ಜೀವಕೋಶಗಳು ಉಬ್ಬಿ ದೊಡ್ಡವಾದರೆ, ಹೊರಪದರದವು ಚಿಕ್ಕ ಬಗೆಯಾಗುತ್ತವೆ. ದೊಡ್ಡವು ಸಂಖ್ಯೆಯಲ್ಲಿ ಕಡಿಮೆ. ಆದರೂ ಬಹುಪಾಲು ಪ್ರೊಜೆಸ್ಟಿರಾನ್ ಬರುವುದು ಅವುಗಳಿಂದಲೇ.

ಈ ಜೀವಕೋಶಗಳ ತುಂಬ ಕೊಬ್ಬಿನ ಸಣ್ಣ ಹನಿಗಳಿರುತ್ತವೆ. ಹಾರ್ಮೋನಿಗೆ ಬೇಕಾದ ಕಚ್ಚಾ ಸಾಮಗ್ರಿ ಕೊಲೆಸ್ಟರಾಲ್. ಹೌದು, ನಾವು ಹೆದರುವ ಅದೇ ಕೊಲೆಸ್ಟರಾಲ್! ರಕ್ತ ಅದನ್ನು ತಂದು ಸುರಿಯುತ್ತದೆ, ಜೀವಕೋಶ ಅದನ್ನು ಪ್ರೊಜೆಸ್ಟಿರಾನ್ ಮಾಡಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಇಷ್ಟೊಂದು ಸಾಗಾಣಿಕೆಗೆ ದಾರಿಗಳೂ ಬೇಕಷ್ಟೆ. ಹಸುವಿನ ಪೀತಪಿಂಡದ ಜೀವಕೋಶಗಳಲ್ಲಿ ಸುಮಾರು ಅರ್ಧದಷ್ಟು ರಕ್ತನಾಳಗಳ ಒಳಪದರದವೇ. ತೂಕಕ್ಕೆ ಹೋಲಿಸಿದರೆ ದೇಹದಲ್ಲಿ ಅತಿ ಹೆಚ್ಚು ರಕ್ತ ಹರಿಯುವ ಅಂಗಾಂಶಗಳಲ್ಲಿ ಇದೂ ಒಂದು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆಣ್ಣುಮಕ್ಕಳಲ್ಲೂ ರಚನೆ ಸ್ಥೂಲವಾಗಿ ಹೀಗೇ ಇದೆ.

ಮೊದಲ ವಾರಗಳ ಆಸರೆ

ಈ ಗಂಟಿನ ಕೆಲಸವನ್ನು ತೋರಿಸಿಕೊಟ್ಟವು ಪ್ರಾಣಿಗಳು. 1903ರಲ್ಲಿ ಜರ್ಮನಿಯ ಲುಡ್ವಿಗ್ ಫ್ರೆಂಕೆಲ್ ಗಬ್ಬದ ಮೊಲಗಳ ಪೀತಪಿಂಡಗಳನ್ನು ಸುಟ್ಟುಹಾಕಿದಾಗ ಗರ್ಭ ನಿಲ್ಲಲಿಲ್ಲ. 1929ರಲ್ಲಿ ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಅಲೆನ್ ಅಂಡಾಶಯ ತೆಗೆದ ಮೊಲಗಳಿಗೆ ಪೀತಪಿಂಡದ ಸಾರವನ್ನು ಚುಚ್ಚಿ ಗರ್ಭವನ್ನು ಉಳಿಸಿದರು. 1934ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಸುಮಾರು 50,000 ಹಂದಿಗಳ ಅಂಡಾಶಯಗಳಿಂದ ಪಡೆದ ಶುದ್ಧ ಪ್ರೊಜೆಸ್ಟಿರಾನ್ ಬರೀ 20 ಮಿಲಿಗ್ರಾಂ. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಒಂದು ಕ್ಯಾಪ್ಸೂಲಿನಲ್ಲಿ ಅದರ ಹತ್ತು ಪಟ್ಟು, ಅಂದರೆ 200 ಮಿಲಿಗ್ರಾಂ ಇರುತ್ತದೆ!

ಪ್ರೊಜೆಸ್ಟಿರಾನ್ ಗರ್ಭಕೋಶದ ಒಳಪದರವನ್ನು ಭ್ರೂಣಕ್ಕೆ ಹಾಸಿಗೆಯಂತೆ ಅಣಿಗೊಳಿಸುತ್ತದೆ. ಗರ್ಭಕೋಶ ಹಿಂಡದಂತೆ ಶಾಂತವಾಗಿಡುತ್ತದೆ. ಬಸಿರು ನಿಲ್ಲದ ತಿಂಗಳಲ್ಲಿ ಪೀತಪಿಂಡ ಸುಮಾರು ಹದಿನಾಲ್ಕು ದಿನ ದುಡಿದು ಕುಗ್ಗುತ್ತದೆ, ಹಾರ್ಮೋನು ಇಳಿಯುತ್ತದೆ, ಮುಟ್ಟು ಬರುತ್ತದೆ. ಬಸಿರು ನಿಂತರೆ ಎಳೆಯ ಭ್ರೂಣದ ಹೊರಪದರದಿಂದ ಎಚ್‌ಸಿಜಿ ಎಂಬ ಹಾರ್ಮೋನು ಬಂದು ‘ಕೆಲಸ ನಿಲ್ಲಿಸಬೇಡ’ ಎಂದು ಪೀತಪಿಂಡಕ್ಕೆ ಹೇಳುತ್ತದೆ. ಮನೆಯಲ್ಲಿ ಮಾಡುವ ಮೂತ್ರ ಪರೀಕ್ಷೆಯಲ್ಲಿ ಎರಡನೇ ಗೆರೆ ಮೂಡಿಸುವುದು ಇದೇ ಎಚ್‌ಸಿಜಿ.

ಎಷ್ಟು ದಿನ ಪೀತಪಿಂಡ ಬೇಕು? ಆಡಿಗೆ ಈಯುವವರೆಗೂ ಬೇಕು. ಹಸುವಿಗೆ ಸುಮಾರು ಇನ್ನೂರು ದಿನ ಬೇಕು. ಮನುಷ್ಯರಲ್ಲಿ ಏಳರಿಂದ ಒಂಬತ್ತನೇ ವಾರದ ಹೊತ್ತಿಗೆ ಮಾಸು ಈ ಕೆಲಸವನ್ನು ವಹಿಸಿಕೊಳ್ಳುತ್ತದೆ. ಏಳು ವಾರಕ್ಕೆ ಮುಂಚೆ ಪೀತಪಿಂಡವನ್ನು ತೆಗೆದರೆ ಗರ್ಭಪಾತವಾಗುತ್ತದೆ ಎಂಬುದು 1970ರ ದಶಕದಲ್ಲಿ ಅರ್ಪಾದ್ ಚಾಪೊ ಅವರ ಅಧ್ಯಯನಗಳಿಂದ ಖಚಿತವಾಯಿತು.

ಈಗ ಆ ತಾಯಿಯ ಮಾತು ನೆನಪಿಸಿಕೊಳ್ಳಿ. ‘ಗಡ್ಡೆ ತೆಗೆಸಿಬಿಡೋಣ’ ಎಂದಾಗ ಅವರು ತೆಗೆಸಹೊರಟಿದ್ದು ಮೊಮ್ಮಗುವಿನ ಆಸರೆಯನ್ನೇ!

ಹಾಗಾದರೆ ಏನು ಮಾಡಬೇಕು?

ಬಸಿರಿನ ಮೊದಲ ತಿಂಗಳುಗಳಲ್ಲಿ ಪೀತಪಿಂಡದೊಳಗೆ ನೀರು ತುಂಬಿ ಮೂರು ನಾಲ್ಕು ಸೆಂಟಿಮೀಟರಿನಷ್ಟು ಉಬ್ಬುವುದು ಸಾಮಾನ್ಯ. ಬಹುಪಾಲು ಇಂಥವು ಹದಿನಾಲ್ಕು–ಹದಿನಾರನೇ ವಾರದ ಹೊತ್ತಿಗೆ ತಾವೇ ಕರಗುತ್ತವೆ. ವೈದ್ಯರು ಹೇಳಿದ ದಿನ ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು.

ಹಾಗೆಂದು ಎಲ್ಲ ಸಿಸ್ಟ್‌ಗಳೂ ಪೀತಪಿಂಡವಲ್ಲ. ಕರಗದೆ ಉಳಿದವು, ಬೆಳೆಯುತ್ತ ಹೋಗುವವು, ಒಳಗೆ ಗಟ್ಟಿ ಭಾಗವಿರುವವು ಬೇರೆಯೇ ಆಗಿರಬಹುದು. ಅವನ್ನು ಸ್ತ್ರೀರೋಗ ತಜ್ಞರು ನೋಡಲೇಬೇಕು. ಅನಿವಾರ್ಯವಾಗಿ ಮೊದಲ ವಾರಗಳಲ್ಲೇ ಪೀತಪಿಂಡವಿರುವ ಅಂಡಾಶಯಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕಾಗಿ ಬಂದರೆ, ಬಳಿಕ ಪ್ರೊಜೆಸ್ಟಿರಾನ್ ಕೊಟ್ಟು ಗರ್ಭವನ್ನು ಕಾಪಾಡಲು ಪ್ರಯತ್ನಿಸುತ್ತಾರೆ.

ಕೆಳಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ಕಣ್ಣು ಕತ್ತಲೆ, ವಾಂತಿ, ಭುಜದ ನೋವು ಬಂದರೆ ಬೆಳಗಾಗಲೆಂದು ಕಾಯಬೇಡಿ. ಸಿಸ್ಟ್ ತಿರುಚಿಕೊಂಡಿರಬಹುದು ಅಥವಾ ಒಡೆದಿರಬಹುದು. ರಕ್ತನಾಳಗಳೇ ತುಂಬಿರುವ ಗಂಟು ಎಂದು ಮೇಲೆ ಹೇಳಿದೆನಲ್ಲ, ಒಡೆದರೆ ಹೊಟ್ಟೆಯೊಳಗೆ ಬಹಳ ರಕ್ತಸ್ರಾವವಾಗಬಹುದು. ಗರ್ಭಕೋಶದ ಹೊರಗೆ, ನಾಳದಲ್ಲಿ ಬಸಿರು ನಿಂತಾಗಲೂ ಇದೇ ಲಕ್ಷಣಗಳಿರುತ್ತವೆ. ತಕ್ಷಣ ಆಸ್ಪತ್ರೆಗೆ ಹೋಗಿ.

ಮಾತ್ರೆ ಎಲ್ಲರಿಗೂ ಬೇಕೆ?

‘ಬಸಿರು ನಿಲ್ಲೋಕೆ ಮಾತ್ರೆ ಬರೆದುಕೊಡಿ’ ಎಂದು ಕೇಳುವವರು ಹಲವರು. ಬ್ರಿಟನ್ನಿನಲ್ಲಿ ಮೊದಲ ತಿಂಗಳುಗಳಲ್ಲಿ ರಕ್ತ ಕಾಣಿಸಿಕೊಂಡ 4,153 ಬಸುರಿಯರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಪ್ರೊಜೆಸ್ಟಿರಾನ್ ಪಡೆದವರಲ್ಲಿ ನೂರಕ್ಕೆ 75 ಮಂದಿಗೆ ಜೀವಂತ ಮಗುವಾಯಿತು, ಪಡೆಯದವರಲ್ಲಿ 72 ಮಂದಿಗೆ. ಒಟ್ಟಾರೆ ನೋಡಿದರೆ ಖಚಿತವೆನ್ನುವಷ್ಟು ಅಂತರವಲ್ಲ. ಆದರೆ ಹಿಂದೆ ಗರ್ಭಪಾತವಾಗಿ, ಈಗಲೂ ರಕ್ತ ಕಾಣಿಸಿಕೊಂಡವರಿಗೆ ಪ್ರಯೋಜನ ಕಂಡಿತು. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳ ದೋಷದಿಂದ ಆಗುವಂಥವು. ಅವನ್ನು ಯಾವ ಹಾರ್ಮೋನೂ ತಡೆಯದು. ಆದ್ದರಿಂದ ಅಕ್ಕಪಕ್ಕದವರ ಮಾತ್ರೆ ನಿಮಗಲ್ಲ, ವೈದ್ಯರನ್ನು ಕೇಳಿ.

ದನ ಸಾಕುವವರಿಗೆ ಒಂದು ಮಾತು

ಹಸುವನ್ನು ಬೆದೆಗೆ ತರುವ ಆ ಇಂಜೆಕ್ಷನ್ ಪ್ರೊಸ್ಟಗ್ಲಾಂಡಿನ್. ಅದು ಚರ್ಮದ ಮೂಲಕವೂ ದೇಹದೊಳಗೆ ಸೇರುತ್ತದೆ. ಹೆಂಗಸರಲ್ಲಿ ಗರ್ಭಕೋಶವನ್ನು ಹಿಂಡಿ ಗರ್ಭಪಾತಕ್ಕೆ ಕಾರಣವಾಗಬಹುದು. ಉಬ್ಬಸದವರಿಗೆ ಉಸಿರು ಕಟ್ಟಿಸಬಹುದು. ಬಸುರಿಯರು, ಉಬ್ಬಸವಿರುವವರು ಆ ಶೀಶೆ, ಸಿರಿಂಜುಗಳನ್ನು ಮುಟ್ಟಲೇಬಾರದು. ಮೈಮೇಲೆ ಚೆಲ್ಲಿದರೆ ಕೂಡಲೇ ಸೋಪು ನೀರಿನಿಂದ ತೊಳೆದು ವೈದ್ಯರನ್ನು ಕಾಣಿ.

ಇದನ್ನು ಹೇಳಿದಾಗ ಆ ತಾಯಿ ಮಗಳತ್ತ ತಿರುಗಿ, “ಇನ್ಮೇಲೆ ಡಾಕ್ಟ್ರು ಹಸು ನೋಡೋಕೆ ಬಂದಾಗ ನೀನು ಕೊಟ್ಟಿಗೆ ಕಡೆ ಬರಬೇಡ” ಎಂದರು. ಆಪರೇಷನ್ ಮಾತು ಮತ್ತೆ ಎತ್ತಲಿಲ್ಲ. ಹದಿನೈದನೇ ವಾರದ ಸ್ಕ್ಯಾನಿಂಗ್‌ನಲ್ಲಿ ಸಿಸ್ಟ್ ಇರಲಿಲ್ಲ. ಮಗು ಚೆನ್ನಾಗಿ ಬೆಳೆಯುತ್ತಿತ್ತು.