ಊರಿನ ಗಿಡಕ್ಕೆ ಹೊಸ ಕುಂಡ: ಯಾವಾಗ, ಹೇಗೆ?

ದಸರೆ, ದೀಪಾವಳಿಗಳ ಮುನ್ನಾದಿನ ಮಾರ್ಕೆಟ್ ಯಾರ್ಡ್‌ನ ಹೂವಿನ ಪೇಟೆಯಲ್ಲಿ ಚೆಂಡುಹೂವಿನ ರಾಶಿಗಳ ನಡುವೆ ಓಡಾಡಿದವರಿಗೆ ಪುಣೆಯಲ್ಲಿ ಹೂವಿಗೆ ಕೊರತೆಯಿಲ್ಲವೆಂಬುದು ತಿಳಿದೇ ಇದೆ. ಆದರೂ ಇಲ್ಲಿ ನೆಲೆಸಿರುವ ಕನ್ನಡಿಗರ ಬಾಲ್ಕನಿಗಳಲ್ಲಿ ಊರಿನಿಂದ ತಂದ ಒಂದೆರಡು ಗಿಡಗಳು ಇದ್ದೇ ಇರುತ್ತವೆ: ತಾಯಿ ಕೊಟ್ಟ ತುಳಸಿ, ತವರಿನ ದುಂಡುಮಲ್ಲಿಗೆ, ತಂಬುಳಿಗೆ ಬೇಕಾದ ದೊಡ್ಡಪತ್ರೆ. ಪೇಟೆಯಲ್ಲಿ ಅಂಥದೇ ಗಿಡ ದೊರಕೀತು. ಆ ಗಿಡವೇ ದೊರಕದು.

ಧಾರವಾಡದಿಂದ ತಂದ ಮಲ್ಲಿಗೆಯೊಂದನ್ನು ನಾವು ಕಳೆದುಕೊಂಡೆವು. ಗಿಡ ಸೊರಗಿದೆಯೆಂದು ಮೇ ತಿಂಗಳಿನಲ್ಲಿ, ಮೊಗ್ಗು ತುಂಬಿದ್ದಾಗಲೇ, ಅದನ್ನು ಬಹು ದೊಡ್ಡ ಕುಂಡಕ್ಕೆ ಸಾಗಿಸಿ ದಿನಕ್ಕೆರಡು ಹೊತ್ತು ನೀರೆರೆದೆವು. ಮೂರು ವಾರಗಳಲ್ಲಿ ಗಿಡ ಒಣಗಿತು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ನಮ್ಮ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಕಾಲವೂ ಅಳತೆಯೂ ತಪ್ಪಿದ್ದವು.

ಯಾವಾಗ ಬದಲಿಸಬೇಕು?

ಕುಂಡದ ತಳದ ತೂತಿನಿಂದ ಬೇರು ಹೊರಬಂದಿದ್ದರೆ, ಎರೆದ ನೀರು ನಿಲ್ಲದೆ ಕೂಡಲೇ ಹರಿದುಹೋಗುತ್ತಿದ್ದರೆ, ಹೊಸ ಎಲೆಗಳು ಚಿಕ್ಕದಾಗುತ್ತಿದ್ದರೆ ಬೇರಿಗೆ ಸ್ಥಳ ಸಾಲದೆಂದು ತಿಳಿಯಬೇಕು. ಬೇಗ ಬೆಳೆಯುವ ಗಿಡಗಳಿಗೆ ಒಂದೆರಡು ವರ್ಷಕ್ಕೊಮ್ಮೆ, ಸ್ನೇಕ್ ಪ್ಲಾಂಟ್‌ನಂಥ ನಿಧಾನದ ಗಿಡಗಳಿಗೆ ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಪುಣೆಯಲ್ಲಿ ಸಾಮಾನ್ಯವಾಗಿ ಜೂನ್ ಮಧ್ಯದ ವೇಳೆಗೆ ಮಳೆ ಹಿಡಿಯುತ್ತದೆ. ಅಲ್ಲಿಂದ ಆಗಸ್ಟ್‌ವರೆಗಿನ ಕಾಲ ಪ್ರಶಸ್ತ. ಗಾಳಿಯಲ್ಲಿ ತೇವವಿರುವುದರಿಂದ, ನೊಂದ ಬೇರು ಚೇತರಿಸಿಕೊಳ್ಳುವ ತನಕ ಎಲೆಗಳು ಹೆಚ್ಚು ನೀರನ್ನು ಕಳೆದುಕೊಳ್ಳುವುದಿಲ್ಲ. ಏಪ್ರಿಲ್-ಮೇ ತಿಂಗಳ ಒಣಬಿಸಿಲಿನಲ್ಲಿ ಇದು ಸಾಧ್ಯವಿಲ್ಲ. ಉತ್ಥಾನ ದ್ವಾದಶಿಯ ಪೂಜೆಗೆಂದು ಕಾರ್ತಿಕದಲ್ಲಿ ತುಳಸಿಯ ಮಣ್ಣನ್ನೆಲ್ಲ ಬದಲಿಸುವುದೂ ಸರಿಯಲ್ಲ. ಚಳಿ ಕಾಲಿಡುವ ಹೊತ್ತಿಗೆ ತುಳಸಿಯ ಬೆಳವಣಿಗೆ ಕುಂದಿರುತ್ತದೆ. ಆ ಕೆಲಸವನ್ನು ಶ್ರಾವಣದಲ್ಲೇ ಮುಗಿಸಿ, ಹಬ್ಬಕ್ಕೆ ಬೃಂದಾವನಕ್ಕೆ ಬಣ್ಣ ಬಳಿದರೆ ಸಾಕು.

ಕುಂಡ ಮತ್ತು ಮಣ್ಣು

ಹೊಸ ಕುಂಡ ಹಳೆಯದಕ್ಕಿಂತ ಒಂದೆರಡು ಅಂಗುಲ ಮಾತ್ರ ಅಗಲವಾಗಿರಲಿ. ಆರು ಅಂಗುಲದ ಕುಂಡದಿಂದ ಎಂಟಕ್ಕೆ ಹೋಗಬೇಕೇ ಹೊರತು ಹದಿನಾಲ್ಕಕ್ಕಲ್ಲ. ಬೇರು ತಲುಪದ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಗಾಳಿಯಾಡುವುದಿಲ್ಲ, ಬೇರು ಕೊಳೆಯುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ತಳದಲ್ಲಿ ದಪ್ಪಗೆ ಜಲ್ಲಿ ಹಾಸುವುದರಿಂದ ನೀರು ಚೆನ್ನಾಗಿ ಬಸಿಯುವುದಿಲ್ಲ, ಬೇರಿನ ಜಾಗ ಮಾತ್ರ ಕಡಿಮೆಯಾಗುತ್ತದೆ.

ಈ ಭಾಗದ ಕಪ್ಪುಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅದೊಂದನ್ನೇ ಕುಂಡಕ್ಕೆ ತುಂಬಬಾರದು. ಎರಡು ಪಾಲು ತೋಟದ ಕೆಂಪುಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಕೋಕೋಪೀಟ್ ಅಥವಾ ಮರಳು, ಹಿಡಿಯಷ್ಟು ಬೇವಿನ ಹಿಂಡಿ ಬೆರೆಸಬೇಕು. ಇಲ್ಲಿಯ ಅಂಗಡಿಗಳಲ್ಲಿ ಸಗಣಿ ಗೊಬ್ಬರಕ್ಕೆ ‘ಶೇಣಖತ’, ಎರೆಹುಳು ಗೊಬ್ಬರಕ್ಕೆ ‘ಗಾಂಡೂಳ ಖತ’, ಬೇವಿನ ಹಿಂಡಿಗೆ ‘ನಿಂಬೋಳಿ ಪೇಂಡ’ ಎಂದು ಕೇಳಬೇಕು.

ಬದಲಿಸುವ ಕ್ರಮ

ಹಿಂದಿನ ದಿನ ಗಿಡಕ್ಕೆ ನೀರೆರೆದಿರಬೇಕು. ಸಂಜೆಯ ಹೊತ್ತಿನಲ್ಲಿ ಕುಂಡವನ್ನು ಓರೆ ಮಾಡಿ, ಅಂಚನ್ನು ತಟ್ಟಿ, ಮಣ್ಣಿನ ಹೆಂಟೆಯ ಸಮೇತ ಗಿಡವನ್ನು ಜಾರಿಸಬೇಕು. ಕಾಂಡ ಹಿಡಿದು ಎಳೆಯಬಾರದು. ಸುತ್ತಿಕೊಂಡ ಹೊರಬೇರುಗಳನ್ನು ಮೆಲ್ಲಗೆ ಬಿಡಿಸಿ, ಕೊಳೆತವನ್ನು ಕತ್ತರಿಸಬೇಕು. ಹಿಂದೆ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ಮೇಲೆ ಒಂದು ಅಂಗುಲ ಖಾಲಿ ಬಿಟ್ಟು, ತೂತಿನಿಂದ ಹರಿಯುವ ತನಕ ನೀರೆರೆಯಬೇಕು. ವಾರ-ಹತ್ತು ದಿನ ನೆರಳಿನಲ್ಲಿರಲಿ. ಮೇಲ್ಮಣ್ಣು ಒಣಗಿದ ಬಳಿಕವಷ್ಟೇ ಮತ್ತೆ ನೀರು. ಒಂದು ತಿಂಗಳು ರಾಸಾಯನಿಕ ಗೊಬ್ಬರ ಬೇಡ.

ಕೊನೆಯದಾಗಿ ಇನ್ನೊಂದು ಮಾತು. ಊರಿನ ಗಿಡದ ಕುಂಡವನ್ನು ಮುಟ್ಟುವ ಮೊದಲು ಅದರ ಎರಡು ಕಡ್ಡಿಗಳನ್ನು ಬೇರೆಯಾಗಿ ನೆಡಿರಿ. ಮಲ್ಲಿಗೆ, ದೊಡ್ಡಪತ್ರೆಗಳ ಕಡ್ಡಿ ಮಳೆಗಾಲದಲ್ಲಿ ಸುಲಭವಾಗಿ ಚಿಗುರುತ್ತದೆ. ತುಳಸಿಗಾದರೆ ಒಣಗಿದ ತೆನೆಯ ಬೀಜ ತೆಗೆದಿಟ್ಟರಾಯಿತು. ಕಡ್ಡಿ ಬೇರುಬಿಟ್ಟ ಮೇಲೆ ಒಂದನ್ನು ನೆರೆಮನೆಗೆ ಕೊಡಿರಿ. ನಮ್ಮ ಕುಂಡದಲ್ಲಿ ತಪ್ಪಾದರೂ ಆ ಗಿಡ ಉಳಿದಿರುತ್ತದೆ. ಅಂದು ನಾವು ಮಾಡದೆ ಉಳಿದ ಕೆಲಸವೂ ಇದೇ.