ಮೇಲಧಿಕಾರಿಯ ಮಾತು ತಾಗುವ ಬಗೆ

ಹಾಸ್ಟೆಲ್, ಆರ್ಥಿಕ ನೆರವು, ಆಪ್ತಸಮಾಲೋಚನೆ, ಉದ್ಯೋಗ ಮಾರ್ಗದರ್ಶನ ಮುಂತಾದ ಪಾಠದಾಚೆಗಿನ ಕೆಲಸಗಳನ್ನು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಸೇವಾ ವಿಭಾಗಗಳು ನೋಡಿಕೊಳ್ಳುತ್ತವೆ. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ 1937ರಲ್ಲಿ ಹೊರತಂದ ಹೇಳಿಕೆ ಈ ವೃತ್ತಿಗೆ ತಳಹದಿ ಹಾಕಿತು. ಇಲ್ಲಿನ ಕೆಲಸ ಸುಲಭವಾಗಿ ಅಳತೆಗೆ ಸಿಗುವುದಿಲ್ಲ. ಓದು ಬಿಡಬೇಕೆಂದಿದ್ದ ಹುಡುಗ ಮನಸ್ಸು ಬದಲಿಸಿ ಉಳಿದುಕೊಂಡರೆ, ಅದು ಯಾರ ಮಾತಿನಿಂದ ಎಂದು ಯಾವ ಕಡತವೂ ಹೇಳದು. ಹೀಗಾಗಿ ತಮ್ಮ ಕೆಲಸದ ಮಟ್ಟ ತಿಳಿಯಲು ಸಿಬ್ಬಂದಿ ಬಹುಪಾಲು ಮೇಲಧಿಕಾರಿಯ ಹಿಮ್ಮಾಹಿತಿಯನ್ನೇ ನೆಚ್ಚಬೇಕಾಗುತ್ತದೆ.

ಹಿಮ್ಮಾಹಿತಿ ಕೊಟ್ಟಾಗಲೆಲ್ಲ ಕೆಲಸ ಸುಧಾರಿಸುತ್ತದೆ ಎಂದೇನಿಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ 1996ರಲ್ಲಿ ಹಳೆಯ ಅಧ್ಯಯನಗಳ 607 ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸರಾಸರಿಯಲ್ಲಿ ಲಾಭವೇ ಕಂಡಿತು. ಆದರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಕಡೆ ಹಿಮ್ಮಾಹಿತಿಯಿಂದ ಕೆಲಸ ಕುಗ್ಗಿತ್ತು. ಗಮನ ಕೆಲಸದಿಂದ ಸರಿದು ವ್ಯಕ್ತಿಯ ಮೇಲೆ ಹೋದಷ್ಟೂ ಅದರ ಫಲ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ.

ಹಾಸ್ಟೆಲ್‌ನಲ್ಲಿ ನಡುರಾತ್ರಿ ಆತಂಕದಿಂದ ಕುಸಿದ ವಿದ್ಯಾರ್ಥಿನಿಯನ್ನು ರಾತ್ರಿ ಪಾಳಿಯವರು ಸಂತೈಸಿ, ಬೆಳಗ್ಗೆ ವರದಿ ಬರೆದಿದ್ದಾರೆ ಎನ್ನಿ. ಅದನ್ನು ಓದಿದ ಮೇಲಧಿಕಾರಿ ‘ನಿಮಗೆ ಜವಾಬ್ದಾರಿಯೇ ಇಲ್ಲ’ ಎಂದರೆ ಅವರಿಗೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ, ಅವಮಾನವಷ್ಟೇ ಉಳಿಯುತ್ತದೆ. ‘ಆಪ್ತಸಮಾಲೋಚಕರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದಿರಿ ಎಂಬುದು ವರದಿಯಲ್ಲಿಲ್ಲ’ ಎಂದರೆ ಮುಂದಿನ ವರದಿ ಸರಿಯಾಗುತ್ತದೆ.

ಕೇಳಿಸಿಕೊಳ್ಳುವವರ ಸ್ವಭಾವವೂ ಇಲ್ಲಿ ಮುಖ್ಯ. ಕೆಲವರು ಟೀಕೆಯಲ್ಲೂ ಪ್ರಯೋಜನ ಹುಡುಕುತ್ತಾರೆ, ಕೆಲವರು ಅದನ್ನು ತೀರ್ಪೆಂದೇ ತಿಳಿಯುತ್ತಾರೆ. ಮ್ಯಾನುಯೆಲ್ ಲಂಡನ್ ಮತ್ತು ಜೇಮ್ಸ್ ಸ್ಮಿದರ್ 2002ರಲ್ಲಿ ಈ ಒಲವನ್ನು ವಿವರಿಸುತ್ತ, ಸಂಸ್ಥೆಯ ವಾತಾವರಣ ಅದನ್ನು ಕಾಲಕ್ರಮೇಣ ಬದಲಿಸಬಲ್ಲದು ಎಂದರು. ಹಿಮ್ಮಾಹಿತಿ ಬರಲೆಂದು ನೌಕರರು ಸುಮ್ಮನೆ ಕಾಯುವುದೂ ಇಲ್ಲ. ನೇರವಾಗಿ ಕೇಳುತ್ತಾರೆ, ಇಲ್ಲವೇ ಸುತ್ತಲಿನವರ ನಡವಳಿಕೆ ಗಮನಿಸಿ ಊಹಿಸುತ್ತಾರೆ ಎಂದು ಸೂಸನ್ ಆಶ್‌ಫರ್ಡ್ ಮತ್ತು ಲ್ಯಾರಿ ಕಮಿಂಗ್ಸ್ 1983ರಲ್ಲೇ ಗುರುತಿಸಿದ್ದರು. ಕೇಳಿದರೆ ಅಸಮರ್ಥರೆಂದುಕೊಂಡಾರು ಎಂಬ ಅಳುಕಿದ್ದಲ್ಲಿ ಮೇಲಧಿಕಾರಿಯ ಮುಖಭಾವ ನೋಡಿ ಅರ್ಥ ಮಾಡಿಕೊಳ್ಳುವುದೇ ದಾರಿಯಾಗುತ್ತದೆ. ಆ ಅರ್ಥ ತಪ್ಪಾಗಿರಲೂಬಹುದು.

ಈ ಕ್ಷೇತ್ರದ ಮೇಲ್ವಿಚಾರಣೆ ಕುರಿತು ರೋಜರ್ ವಿನ್‌ಸ್ಟನ್ ಮತ್ತು ಡಾನ್ ಕ್ರೀಮರ್ 1997ರಲ್ಲಿ ಒಂದು ಮಾದರಿ ಮುಂದಿಟ್ಟರು. ಸಂಸ್ಥೆಯ ಗುರಿ ಮತ್ತು ನೌಕರರ ಬೆಳವಣಿಗೆ ಜೊತೆಜೊತೆಗೆ ಸಾಗಬೇಕು, ಮಾತುಕತೆ ಎರಡೂ ಕಡೆಯಿಂದ ನಿರಂತರವಾಗಿ ನಡೆಯಬೇಕು ಎಂಬುದು ಅದರ ತಿರುಳು. ಹಾಗಾದಾಗ ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಅನಿರೀಕ್ಷಿತ ಮಾತು ಎದುರಾಗುವುದು ಅಪರೂಪ.

ಭಾರತದ ಸರ್ಕಾರಿ ಸೇವೆಯಲ್ಲಾದರೋ, ಮೇಲಧಿಕಾರಿ ಬರೆಯುವ ವಾರ್ಷಿಕ ಗೋಪ್ಯ ವರದಿಯ ಷರಾ ಬಹುಕಾಲ ನೌಕರರ ಕಣ್ಣಿಗೇ ಬೀಳುತ್ತಿರಲಿಲ್ಲ. ಪ್ರತಿಕೂಲವಾದುದನ್ನಷ್ಟೇ ತಿಳಿಸುವುದು ವಾಡಿಕೆಯಾಗಿತ್ತು. ‘ಅತ್ಯುತ್ತಮ’ ಬೇಕಿದ್ದಲ್ಲಿ ‘ಉತ್ತಮ’ ಎಂದು ಬರೆದದ್ದರಿಂದ ಎಂಜಿನಿಯರ್ ಒಬ್ಬರ ಬಡ್ತಿಗೆ ಅಡ್ಡಿಯಾಯಿತು. 2008ರಲ್ಲಿ ಈ ದೇವ್ ದತ್ ಪ್ರಕರಣದ ತೀರ್ಪಿತ್ತ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೆ ಪ್ರತಿಯೊಂದು ಷರಾವನ್ನೂ ತಿಳಿಸಬೇಕು, ಅದರ ವಿರುದ್ಧ ಮನವಿ ಸಲ್ಲಿಸುವ ಅವಕಾಶವನ್ನೂ ಕೊಡಬೇಕು ಎಂದಿತು.